ಸದನಕ್ಕೆ ಹೋದ ತಿಪ್ಪೆ

ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ನಿವೃತ್ತನಾದ ನನ್ನನ್ನು ಹುಡುಕಿಕೊಂಡು ರಾಯಚೂರಿನ ನಮ್ಮ ಮನೆಗೆ ಬಂದಿದ್ದರು. ಅಧಿವೇಶನ ಹತ್ತಿರ ಬಂತು, ಶಾಸಕರ ಪ್ರಶ್ನೆಗಳು ಬರಲಿಕ್ಕೆ ಶುರುವಾಗಿವೆ, ಉತ್ತರ ಹೇಗೆ ಬರೆಯಬೇಕು ಹೇಳಿರಿ ಎಂದರು. ಚಹಾ ಕುಡಿಸಿ ನನಗೆ ತೋಚಿದ್ದನ್ನು ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಹೇಳಬೇಕಾದ್ದನ್ನು ಹೇಳಲೇ ಇಲ್ಲವಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ನೌಕರಿ ಶುರು ಮಾಡಿದ್ದು ಮಾನ್ವಿ ಬಸ್ ನಿಲ್ದಾಣದಲ್ಲಿ. ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವುದು, ಬಂದ ಹೋದ ಸಮಯ ಬರೆದುಕೊಳ್ಳುವುದು, ಅಕ್ಕಿ ಚೀಲ ಹೊತ್ತುಕೊಂಡು ಬಂದು ಸೀಟಿನ ಮೇಲೇ ಇಡುತ್ತೇನೆಂದು ಹಟ ಹಿಡಿಯುವ ವ್ಯಾಪಾರಿಗಳ ಜೊತೆ ಜಗಳವಾಡುವುದು, ಇದೇ ಕೆಲಸ. ನನ್ನದು ಮೊದಲಿನಿಂದಲೂ ಸ್ವಲ್ಪ ಖಾರದ ಸ್ವಭಾವ. ಬಸ್ ಎಷ್ಟೊತ್ತಿಗೆ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಬರುತ್ತದೋ ಇಲ್ಲವೋ ಎಂಬುದನ್ನು ನೇರವಾಗಿ ಹೇಳಿಬಿಡುತ್ತಿದ್ದೆ. ಆ ಚಾಳಿ ಮುಂದೆ ರಾಯಚೂರಿನ ಕಚೇರಿಗೆ ಬಂದಾಗಲೂ ಬಿಡಲಿಲ್ಲ. ಅಲ್ಲಿ ನನ್ನನ್ನು ಕೂರಿಸಿದ್ದು ವಿಧಾನಮಂಡಲದ ಪ್ರಶ್ನೆಗಳಿಗೆ ಉತ್ತರ ತಯಾರಿಸುವ ಮೇಜಿನ ಮುಂದೆ. ಆ ಮೇಜಿಗೆ ನನ್ನಂಥವನನ್ನು ಯಾಕೆ ಆರಿಸಿದರೋ, ಆರಿಸಿದವರಿಗೇ ಗೊತ್ತು.

ಆಗ ಪ್ರಶ್ನೆಗಳು ಫೋನಿನಲ್ಲಿ ಬರುತ್ತಿದ್ದವು. ಬೆಂಗಳೂರಿನಿಂದ ಒಬ್ಬರು ಓದುತ್ತಿದ್ದರು, ನಾವು ಇತ್ತ ಬರೆದುಕೊಳ್ಳುತ್ತಿದ್ದೆವು. ನಡುವೆ ಲೈನು ಹೋದರೆ ಅರ್ಧ ಪ್ರಶ್ನೆ ಅಲ್ಲಿ, ಅರ್ಧ ಇಲ್ಲಿ. ಆಮೇಲೆ ಫ್ಯಾಕ್ಸ್ ಬಂತು, ಇಮೇಲ್ ಬಂತು, ಕೊನೆಗೆ ವಾಟ್ಸ್ಆ್ಯಪ್ ಬಂತು. ಇಷ್ಟೆಲ್ಲ ಬದಲಾದರೂ ಒಂದು ಬದಲಾಗಲಿಲ್ಲ. ಪ್ರಶ್ನೆ ಯಾವಾಗಲೂ ಶನಿವಾರ ಸಂಜೆ, ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೊರಟಾಗಲೇ ಬರುತ್ತಿತ್ತು. ಉತ್ತರ ಮಾತ್ರ ನಿನ್ನೆಯೇ ಬೇಕಾಗಿರುತ್ತಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಕಟ್ಟಿಮನಿ ಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಸದನವೆಂದರೆ ಅವರಿಗೆ ಚಳಿಜ್ವರ. ಅವರ ಭಯಕ್ಕೂ ಕಾರಣವಿತ್ತು. ಮಂತ್ರಿಗಳು ಸದನದಲ್ಲಿ ‘ಮಾಡುತ್ತೇವೆ’ ಎಂದುಬಿಟ್ಟರೆ ಅದು ಭರವಸೆಯಾಗುತ್ತದೆ. ಭರವಸೆಗಳ ಲೆಕ್ಕ ಇಡಲಿಕ್ಕೆಂದೇ ಶಾಸಕರ ಒಂದು ಸಮಿತಿ ಇದೆ. ಹೇಳಿದ ಕೆಲಸ ಆಗುವ ತನಕ ಆ ಸಮಿತಿ ಬಿಡುವುದಿಲ್ಲ. ಮಂತ್ರಿ ಬದಲಾಗಬಹುದು, ಅಧಿಕಾರಿ ವರ್ಗವಾಗಬಹುದು, ಭರವಸೆ ಅಲ್ಲೇ ಕೂತಿರುತ್ತದೆ. ಆದ್ದರಿಂದ ಸಾಹೇಬರು ಕರಡು ಉತ್ತರ ಕೈಗೆ ಬಂದ ಕೂಡಲೇ ಕೆಂಪು ಪೆನ್ನು ತೆಗೆಯುತ್ತಿದ್ದರು.

“ಶರಣಪ್ಪಾ, ಇಲ್ಲಿ ‘ಮಾಡಲಾಗುವುದು’ ಅಂತ ಬರದೀರಿ. ಯಾರು ಮಾಡವ್ರು, ನೀವೋ ನಾನೋ?”

“ಮತ್ತ ಏನು ಬರೀಲಿ ಸಾಹೇಬ್ರ?”

“ಪರಿಶೀಲಿಸಲಾಗುವುದು ಅಂತ ಬರೀರಿ. ಪರಿಶೀಲನಾಕ್ಕ ಕಡೀ ಇರಂಗಿಲ್ಲ ನೋಡ್ರಿ.”

ಇದನ್ನು ಕಲಿತರೆ ಅರ್ಧ ನೌಕರಿ ಕಲಿತಂತೆ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದರು. ಒಬ್ಬ ಗುಮಾಸ್ತರಂತೂ ಹೊಸ ಉತ್ತರ ಬರೆಯುವ ತಾಪತ್ರಯವೇ ಬೇಡವೆಂದು ಹಿಂದಿನ ಅಧಿವೇಶನದ ಉತ್ತರವನ್ನೇ ನಕಲು ಮಾಡಿ ಕಳಿಸುತ್ತಿದ್ದರು. ಒಂದು ಸಲ ಅದರಲ್ಲಿ ‘ಬರುವ ಮಾರ್ಚಿಯೊಳಗೆ’ ಎಂದಿತ್ತು. ಆ ಮಾರ್ಚಿ ಕಳೆದು ಶ್ರಾವಣವೂ ಮುಗಿದಿತ್ತು. ಸದಸ್ಯರೊಬ್ಬರು ಎದ್ದು ನಿಂತು, ಯಾವ ಕ್ಯಾಲೆಂಡರಿನ ಮಾರ್ಚಿ ಎಂದು ಕೇಳಿದರಂತೆ. ಆ ವಾರ ನಮ್ಮ ಕಚೇರಿಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮಲಿಲ್ಲ.

ಈಗ ಹಳೇದಿನ್ನಿಯ ವಿಷಯಕ್ಕೆ ಬರುತ್ತೇನೆ. ಊರಿನ ನಿಜವಾದ ಹೆಸರು ಬೇರೆ, ಇಲ್ಲಿ ಹೀಗೆ ಕರೆಯೋಣ. ದೇವದುರ್ಗ ತಾಲ್ಲೂಕಿನ ಒಳಗಿನ ಊರು. ದೊಡ್ಡ ರಸ್ತೆಯ ಕ್ರಾಸಿನಿಂದ ಊರಿನ ತನಕ ಡಾಂಬರು ಹಾಕಿದ್ದರು, ಆದರೆ ಬಸ್ ಇರಲಿಲ್ಲ. ಬಸ್ ಬೇಕೆಂದು ಊರವರು ಅರ್ಜಿ ಕೊಟ್ಟಿದ್ದರು, ನಮ್ಮ ಕಡೆಯ ಸದಸ್ಯರೊಬ್ಬರು ಅದನ್ನೇ ಪ್ರಶ್ನೆ ಮಾಡಿದ್ದರು. ಸ್ಥಳ ನೋಡಿ ಬರಲು ನನ್ನನ್ನು ಕಳಿಸಿದರು.

ಹೋಗಿ ನೋಡಿದರೆ ರಸ್ತೆಯಲ್ಲಿ ಏನೂ ಕೊರತೆ ಇಲ್ಲ. ತೊಂದರೆ ಇದ್ದದ್ದು ರಸ್ತೆ ಮುಗಿಯುವಲ್ಲಿ. ರಸ್ತೆಯ ಗುಂಟ ಬರುವ ಕಾಲುವೆ ಊರ ಆಚೆ ಅಡ್ಡ ತಿರುಗುತ್ತದೆ, ಅದರ ಮೇಲೆ ಎತ್ತಿನ ಬಂಡಿಗಷ್ಟೇ ಸಾಲುವ ಸೇತುವೆ. ಬಸ್ ಮುಂದೆ ಹೋಗುವಂತಿಲ್ಲ, ಊರ ಮುಂದೆಯೇ ತಿರುಗಬೇಕು. ಊರ ಮುಂದೆ ವಿಶಾಲವಾದ ಬಯಲೇನೋ ಇತ್ತು, ಆದರೆ ಅದರ ತುಂಬ ಗೊಬ್ಬರದ ತಿಪ್ಪೆಗಳು. ಒಂದೊಂದು ಮನೆಗೆ ಒಂದೊಂದು. ತಿಪ್ಪೆಯೆಂದರೆ ಕಸದ ರಾಶಿ ಎಂದು ತಿಳಿಯಬೇಡಿ. ವರ್ಷವಿಡೀ ಸಗಣಿ, ಹೊಟ್ಟು, ಬೂದಿ ಹಾಕಿ ಕೊಳೆಸಿ, ಬೇಸಿಗೆಯಲ್ಲಿ ಹೊಲಕ್ಕೆ ಹೊಡೆಯುವ ಆಸ್ತಿ ಅದು. ದೀಪಾವಳಿಗೆ ಅದಕ್ಕೂ ಪೂಜೆ ಮಾಡುತ್ತಾರೆ. ಅತ್ತೆ ಹಾಕಿದ ಜಾಗದಲ್ಲೇ ಸೊಸೆ ಹಾಕುತ್ತಾಳೆ. ಅದನ್ನು ಸರಿಸಿರಿ ಎನ್ನುವುದು ಮನೆಯ ಹೊಸ್ತಿಲು ಸರಿಸಿರಿ ಎಂದ ಹಾಗೆ.

ಅಲ್ಲೇ ಶಿವಲೀಲಾ ಎಂಬ ಹುಡುಗಿ ನನ್ನ ಹತ್ತಿರ ಬಂದಳು. ಹತ್ತನೆಯ ತರಗತಿ ಪಾಸಾಗಿ ದೇವದುರ್ಗದ ಕಾಲೇಜಿಗೆ ಸೇರಿದ್ದಳು. ಊರಿನ ಇನ್ನೂ ನಾಲ್ವರು ಹುಡುಗಿಯರು ಅವಳ ಜೊತೆ ಸೇರಿದ್ದರು.

“ಸರ್, ಬಸ್ ನೋಡಾಕ ಬಂದೀರೇನ್ರಿ?”

“ಬಸ್ ಇಲ್ಲಲ್ಲವ್ವಾ, ಜಾಗ ನೋಡಾಕ ಬಂದೀನಿ.”

“ಕ್ರಾಸಿನ ತನಕ ನಡಕೊಂಡು ಹೋಗಿ ಬರ್ತಿದ್ವಿರಿ. ಈಗ ಚಳಿಗಾಲ, ಬರೋದ್ರೊಳಗ ಕತ್ತಲಾಕ್ಕತಿ. ಕಾಲುವಿ ದಂಡಿಗುಂಟ ಬರಬೇಕು. ಮನ್ಯಾಗ ಬ್ಯಾಡ ಅಂದಾರ. ಕಾಲೇಜಿನ್ಯಾಗ ಹಾಜರಿ ಕಮ್ಮಿ ಆದ್ರ ಪರೀಕ್ಷಾಕ್ಕ ಕೂಡಸಂಗಿಲ್ಲ ಅಂದಾರ.”

ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ಸಂತೆಯಲ್ಲಿ ದರ ಹೇಳುವವರ ಹಾಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಐದು ಹುಡುಗಿಯರ ಓದು ಒಂದು ಬಸ್ಸು ಹಿಂದೆ ಮುಂದೆ ಆಡುವಷ್ಟು ಜಾಗದ ಮೇಲೆ ನಿಂತಿತ್ತು. ಬಂದವನೇ ಎಲ್ಲವನ್ನೂ ಬಿಡಿಸಿ ವರದಿ ಬರೆದೆ. ಅದು ಸಾಹೇಬರ ಕೆಂಪು ಪೆನ್ನು ದಾಟಿ ಬೆಂಗಳೂರಿಗೆ ಹೋಗುವಷ್ಟರಲ್ಲಿ ಒಂದೇ ಸಾಲಾಗಿತ್ತು: ‘ಸದರಿ ಮಾರ್ಗವು ಬಸ್ ಸಂಚಾರಕ್ಕೆ ಯೋಗ್ಯವಾದ ನಂತರ ಪರಿಶೀಲಿಸಲಾಗುವುದು.’

ಆ ವರ್ಷ ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ. ನಮ್ಮ ಕೇಂದ್ರ ಕಚೇರಿಯ ಅಧಿಕಾರಿಗಳಿಗೆ ವಿವರ ಬೇಕಾದರೆ ಇರಲಿ ಎಂದು ಪ್ರತಿ ವಿಭಾಗದಿಂದ ಒಬ್ಬೊಬ್ಬರನ್ನು ಕರೆಸಿದ್ದರು. ಸಾಹೇಬರಿಗೆ ಸರಿಯಾಗಿ ಆ ವಾರವೇ ಬೆನ್ನು ಹಿಡಿದುಕೊಂಡಿತು. ನನ್ನನ್ನು ಕಳಿಸಿದರು. ಒಂದು ಕಲ್ಯಾಣ ಮಂಟಪದಲ್ಲಿ ಸಾಲಾಗಿ ಗಾದಿ ಹಾಸಿ ಮಲಗುವ ವ್ಯವಸ್ಥೆ. ಬೆಳಗಾವಿಯ ಚಳಿ ನಮ್ಮ ರಾಯಚೂರಿನವರಿಗೆ ಮೂಳೆಗೇ ಇಳಿಯುತ್ತದೆ. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕುತ್ತಿಗೆಗೆ ಪಾಸು ತೂಗಿಸಿಕೊಂಡು ಸದನದೊಳಗೆ ಹೋದೆ.

ಸದನದ ದಿನವೆಂದರೆ ಟಿವಿಯಲ್ಲಿ ಕಾಣುವ ಗದ್ದಲ ಎಂದುಕೊಂಡಿದ್ದೆ. ನಾನು ಕಂಡದ್ದು ಬೇರೆ. ಮೊದಲು ಗಂಟೆ ಮೊಳಗುತ್ತಲೇ ಇತ್ತು. ಸಾಕಷ್ಟು ಸದಸ್ಯರು ಒಳಗೆ ಬರುವ ತನಕ ಅದು ನಿಲ್ಲುವುದಿಲ್ಲವಂತೆ. ಸಭಾಧ್ಯಕ್ಷರು ಬಂದರು, ಎಲ್ಲರೂ ಎದ್ದರು, ಕೂತರು. ಪ್ರಶ್ನೋತ್ತರ ಶುರುವಾಯಿತು. ಒಬ್ಬರು ಕೆರೆಯ ಹೂಳಿನ ಬಗ್ಗೆ ಕೇಳಿದರು, ಒಬ್ಬರು ಆಸ್ಪತ್ರೆಯ ನರ್ಸುಗಳ ಬಗ್ಗೆ, ಇನ್ನೊಬ್ಬರು ಹಾಸ್ಟೆಲಿನ ನೀರಿನ ಬಗ್ಗೆ. ಯಾರೂ ಮೇಜು ಗುದ್ದಲಿಲ್ಲ. ಅರ್ಧ ಜನ ಕೇಳುತ್ತಿದ್ದರು, ಅರ್ಧ ಜನ ಕಾಗದ ತಿರುವುತ್ತಿದ್ದರು. ಒಂದು ಹಂತದಲ್ಲಿ ಸಭಾಧ್ಯಕ್ಷರು ನಮ್ಮ ಕಡೆ ತಿರುಗಿ, ಅಧಿಕಾರಿಗಳ ಗ್ಯಾಲರಿ ಯಾಕೆ ಖಾಲಿ ಇದೆ ಎಂದು ಗದರಿದರು. ಗದರಿಸಿಕೊಂಡವರು ಬಂದು ಕೂತಿದ್ದ ನಾವು. ಬರದವರಿಗೆ ಏನೂ ಆಗಲಿಲ್ಲ.

ಗ್ಯಾಲರಿಯ ಕೆಲಸವೇ ಚೀಟಿಯ ಕೆಲಸ. ಲಿಖಿತ ಉತ್ತರ ಮೊದಲೇ ಹಂಚಿರುತ್ತಾರೆ. ಅದರ ಮೇಲೆ ಸದಸ್ಯರು ಉಪಪ್ರಶ್ನೆ ಕೇಳುತ್ತಾರೆ. ಮಂತ್ರಿಗಳಿಗೆ ಗೊತ್ತಿಲ್ಲದಿದ್ದರೆ ಗ್ಯಾಲರಿಯ ಕಡೆ ಒಂದು ನೋಟ ಬರುತ್ತದೆ. ಅಧಿಕಾರಿ ಗಡಿಬಿಡಿಯಿಂದ ಚೀಟಿ ಬರೆಯುತ್ತಾರೆ, ಸದನದ ಜವಾನರು ಒಯ್ದು ಕೊಡುತ್ತಾರೆ, ಮಂತ್ರಿಗಳು ಎಲ್ಲ ಗೊತ್ತಿದ್ದವರ ಹಾಗೆ ಅದನ್ನು ಮಾತಿಗೆ ತಿರುಗಿಸುತ್ತಾರೆ. ನೋಡಲು ಚೆಂದ. ಬರೆಯುವವನಿಗೆ ಮಾತ್ರ ಬೆವರು.

ಹಳೇದಿನ್ನಿಯ ಸರದಿ ಬರುತ್ತದೆಂದು ನಾವು ಯಾರೂ ಎಣಿಸಿರಲಿಲ್ಲ. ಮೇಲಿನ ಕೆಲವು ಪ್ರಶ್ನೆಗಳ ಸದಸ್ಯರು ಹಾಜರಿರಲಿಲ್ಲ, ನಮ್ಮದು ಮೇಲಕ್ಕೆ ಬಂದುಬಿಟ್ಟಿತು. ಮಂತ್ರಿಗಳು ಉತ್ತರ ಒದಗಿಸಿದ್ದೇನೆ ಎಂದರು. ನಮ್ಮ ಕಡೆಯ ಸದಸ್ಯರು ಎದ್ದರು.

“ಮಾನ್ಯ ಸಭಾಧ್ಯಕ್ಷರೇ, ಮಾರ್ಗ ಯೋಗ್ಯ ಇಲ್ಲ ಅಂದಾರ. ಡಾಂಬರ್ ಆಗ್ಯದ. ನಾನ ಕಾರಿನ್ಯಾಗ ಹೋಗಿ ಬಂದೀನಿ. ಇನ್ನೇನು ಯೋಗ್ಯ ಆಗಬೇಕಾಗ್ಯದ, ಮಂತ್ರಿಗಳು ಹೇಳ್ಬೇಕು.”

ಮಂತ್ರಿಗಳು ಗ್ಯಾಲರಿಯ ಕಡೆ ನೋಡಿದರು. ಕೇಂದ್ರ ಕಚೇರಿಯ ಅಧಿಕಾರಿ ಹಿಂದೆ ತಿರುಗಿ ನನ್ನನ್ನು ನೋಡಿದರು. ಬರೆಯಿರಿ, ಬೇಗ ಎಂದರು. ಕೆಂಪು ಪೆನ್ನಿನ ಸಾಹೇಬರು ರಾಯಚೂರಿನಲ್ಲಿ ಬೆನ್ನಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಬರೆದೆ: ‘ರಸ್ತೆ ಸರಿ ಇದೆ. ಊರ ಮುಂದೆ ತಿಪ್ಪೆಗಳಿವೆ. ಬಸ್ ತಿರುಗಿಸಲು ಜಾಗವಿಲ್ಲ. ಐವರು ಹುಡುಗಿಯರ ಕಾಲೇಜು ನಿಂತಿದೆ.’

ಮಂತ್ರಿಗಳು ಚೀಟಿಯನ್ನು ಮಾತಿಗೆ ತಿರುಗಿಸುತ್ತಾರೆ ಎಂದುಕೊಂಡಿದ್ದೆ. ಅವರು ಇದ್ದದ್ದನ್ನು ಇದ್ದ ಹಾಗೆ ಓದಿದರು. ತಿಪ್ಪೆ ಎಂಬ ಮಾತಿಗೆ ಸದನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಭಾಧ್ಯಕ್ಷರೂ ನಕ್ಕರು. ಚೀಟಿಯ ಕೊನೆಯ ಸಾಲು ಓದುವಾಗ ನಗು ಕಡಿಮೆಯಾಯಿತು. ನಮ್ಮ ಸದಸ್ಯರು ಮತ್ತೆ ಎದ್ದರು.

“ತಿಪ್ಪಿ ಅಡ್ಡ ಬಂದಾವಂತ ಹೆಣ್ಮಕ್ಕಳ ಓದು ನಿಲ್ಲಬೇಕೇನ್ರಿ?”

ಮಂತ್ರಿಗಳು ಇನ್ನೊಮ್ಮೆ ಗ್ಯಾಲರಿ ನೋಡಲಿಲ್ಲ. “ನಿಲ್ಲಬಾರದು. ಸಂಕ್ರಾಂತಿಯೊಳಗೆ ಬಸ್ ಬಿಡುತ್ತೇವೆ” ಎಂದು ಕೂತರು.

ಮುಗಿಯಿತು, ಭರವಸೆಯಾಯಿತು. ಮುಂದೆ ಶೂನ್ಯ ವೇಳೆ ಬಂತು, ವರದಿಗಳನ್ನು ಮಂಡಿಸಿದರು, ಒಂದು ವಿಧೇಯಕವನ್ನು ಹೌದು ಎನ್ನುವವರ ದನಿಯಲ್ಲಿ ಪಾಸು ಮಾಡಿದರು. ಸದನಕ್ಕೆ ಅದು ಎಲ್ಲ ದಿನಗಳಂತೆ ಒಂದು ದಿನ. ಮರುದಿನದ ಪತ್ರಿಕೆಯಲ್ಲೂ ತಿಪ್ಪೆಯ ಸುದ್ದಿ ಇರಲಿಲ್ಲ. ನನ್ನ ಫೋನು ಮಾತ್ರ ಸದನದ ಬಾಗಿಲು ದಾಟುತ್ತಲೇ ಹೊಡೆದುಕೊಂಡಿತು.

“ಏನು ಬರದು ಕೊಟ್ರಿ ಶರಣಪ್ಪಾ?” ಅತ್ತ ಕಡೆಯಿಂದ ಸಾಹೇಬರು.

“ಇದ್ದದ್ದ ಬರದೀನ್ರಿ ಸಾಹೇಬ್ರ.”

“ಇದ್ದದ್ದು ಬರೀರಿ ಅಂತ ನಿಮಗ ಯಾರು ಹೇಳಿದ್ರು? ಈಗ ಸಂಕ್ರಾಂತಿ ಒಳಗ ತಿಪ್ಪಿ ತಗಸವ್ರು ಯಾರು? ನೀವ ಹೋಗ್ರಿ. ಬುಟ್ಟಿ ಸಲಿಕಿ ತಗೊಂಡು ಹೋಗ್ರಿ ಬೇಕಾದ್ರ.”

ಬುಟ್ಟಿ ಸಲಿಕೆ ಒಯ್ಯಲಿಲ್ಲ, ಹೋದದ್ದು ಮಾತ್ರ ನಿಜ. ಊರವರು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟರು. ಬಸ್ ಎಲ್ಲರಿಗೂ ಬೇಕು, ತಿಪ್ಪೆ ಯಾರೂ ತೆಗೆಯುವವರಿಲ್ಲ. ಎಲ್ಲರದೂ ಒಂದೇ ಮಾತು: ಮೂಲೆಯ ದೊಡ್ಡ ತಿಪ್ಪೆ ಹನುಮವ್ವನದು, ಆಕೆ ತೆಗೆದರೆ ನಾವೂ ತೆಗೆಯುತ್ತೇವೆ. ಹನುಮವ್ವ ಎಂಬ ಆ ಮುದುಕಿ ಅಲ್ಲೇ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

“ಯವ್ವಾ, ಸ್ವಲ್ಪ ಜಾಗ ಬಿಟ್ಟುಕೊಡ್ರಿ, ಹುಡುಗ್ಯಾರು ಓದ್ಲಿ” ಎಂದೆ.

“ಓದ್ಲಿ ಯಪ್ಪಾ, ನಾನೇನು ಬ್ಯಾಡ ಅಂದೀನೇನು? ಆದ್ರ ನನ್ನ ಗೊಬ್ರ ಇನ್ನಾ ಹದಕ್ಕ ಬಂದಿಲ್ಲ. ಬ್ಯಾಸಿಗ್ಯಾಗ ಹೊಲಕ್ಕ ಹೊಡೀತೀನಿ. ಅಲ್ಲೀತನಕ ಎಲ್ಲಿಡ್ಲಿ, ನಿನ್ನ ಬಸ್ಸಿನ್ಯಾಗ ಇಡ್ಲೇನು?”

ಊರು ನಕ್ಕಿತು, ನಾನೂ ನಕ್ಕೆ. ಬೇಸಿಗೆಗೆ ಪರೀಕ್ಷೆಯೇ ಮುಗಿದುಹೋಗುತ್ತದೆ ಎಂದು ಎಷ್ಟು ತಿಳಿಹೇಳಿದರೂ ಆಕೆ ಜಗ್ಗಲಿಲ್ಲ. ಸಾಹೇಬರಿಗೆ ಹೇಳಿದರೆ, ಜೆಸಿಬಿ ತರಿಸೋಣ ಎಂದರು. ನಾನು ಕೈಮುಗಿದು ಬೇಡ ಎಂದೆ. ಜೆಸಿಬಿಯಿಂದ ತೆಗೆಸಿದ ಜಾಗದಲ್ಲಿ ಬಸ್ ತಿರುಗಬಹುದು, ಆ ಊರಿನವರು ಮಾತ್ರ ನಮ್ಮ ಮುಖ ನೋಡುತ್ತಿರಲಿಲ್ಲ.

ಕೊನೆಗೆ ಒಂದು ಖಾಲಿ ಬಸ್ಸನ್ನೇ ಒಯ್ದು ನೋಡುವುದೆಂದಾಯಿತು. ಯಾವ ತಿಪ್ಪೆ ಎಷ್ಟು ಅಡ್ಡ ಬರುತ್ತದೆಂದು ಕಣ್ಣಿಗೆ ಕಂಡರೆ ಮಾತು ಸುಲಭವಾದೀತು ಎಂದು ನನ್ನ ಲೆಕ್ಕ. ಚಾಲಕ ಮಹಬೂಬ್ ನನ್ನ ಮಾನ್ವಿಯ ದಿನಗಳಿಂದ ಪರಿಚಯದವರು, ಎಂಥ ಸಂದಿಯಲ್ಲೂ ಬಸ್ ನುಗ್ಗಿಸುವ ಧೈರ್ಯವಂತ. ಭಾನುವಾರ ಬೆಳಿಗ್ಗೆ ಊರ ಮುಂದೆ ಬಸ್ ನಿಲ್ಲುತ್ತಲೇ ಇಡೀ ಹಳೇದಿನ್ನಿ ನೆರೆಯಿತು. ಬಸ್ ಮುಂದೆ ಹೋಯಿತು, ಹಿಂದೆ ಬಂತು. ಎಲ್ಲರೂ ದಾರಿ ತೋರಿಸುವವರೇ. ಎಡಕ್ಕೆ ನಿಂತವರು “ಬರ್ಲಿ, ಬರ್ಲಿ” ಎಂದರೆ ಬಲಕ್ಕೆ ನಿಂತವರು “ಸಾಕು, ಸಾಕು” ಎನ್ನುತ್ತಿದ್ದರು. ಮಹಬೂಬ್ ಬರ್ಲಿ ಎಂದವರ ಮಾತು ಕೇಳಿದರು. ಬಸ್ಸಿನ ಹಿಂದಿನ ಗಾಲಿ ಹನುಮವ್ವನ ತಿಪ್ಪೆಯೊಳಗೆ ಅರ್ಧ ಮುಳುಗಿ ನಿಂತಿತು.

ಗಾಲಿ ಗರಗರ ತಿರುಗಿ ಗೊಬ್ಬರ ಹಾರಿಸಿದ್ದಷ್ಟೇ ಬಂತು, ಬಸ್ ಅಲುಗಲಿಲ್ಲ. ಗೊಬ್ಬರದ ಒಂದು ಪಾಲು ನನ್ನ ಬಿಳಿ ಅಂಗಿಯ ಮೇಲೂ ಬಂತು. ದೂಡಿದರು, ಕಲ್ಲು ಕೊಟ್ಟರು, ಹಲಗೆ ಕೊಟ್ಟರು, ಎತ್ತು ಕಟ್ಟಿದರು. ಆಗಲಿಲ್ಲ. ಮಹಬೂಬ್ ಕೆಳಗಿಳಿದು ತಲೆಯ ಮೇಲೆ ಕೈ ಹೊತ್ತು ಕೂತರು. ನನಗೆ ಸಮಿತಿ, ಸಾಹೇಬರು, ಸಂಕ್ರಾಂತಿ ಎಲ್ಲ ಒಟ್ಟಿಗೆ ನೆನಪಾದವು. ಇನ್ನು ಈ ಊರಿಗೆ ಬಸ್ ಬರಲಿಕ್ಕಿಲ್ಲ ಎಂದೇ ಅಂದುಕೊಂಡೆ. ಶಿವಲೀಲಾ ಮತ್ತು ಅವಳ ಗೆಳತಿಯರು ಒಂದು ಕಡೆ ನಿಂತು ನೋಡುತ್ತಿದ್ದರು. ಅವರ ಕಡೆ ತಿರುಗುವ ಧೈರ್ಯ ನನಗಾಗಲಿಲ್ಲ.

ಹನುಮವ್ವ ಎದ್ದು ಬಂದು ಬಸ್ಸಿನ ಸುತ್ತ ಒಂದು ಸುತ್ತು ಹಾಕಿದಳು. ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. ಆಕೆ ತನ್ನ ಮಗನ ಕಡೆ ತಿರುಗಿದಳು.

“ಏನ್ ನೋಡಾಕತ್ತೀಲೇ ಬಾಯಿ ತಕ್ಕೊಂಡು? ಸಲಿಕಿ ತಗೊಂಬಾ. ಸರ್ಕಾರದ ಬಸ್ಸು ನಮ್ಮ ತಿಪ್ಯಾಗ ಸಿಗಿಬಿದ್ದದ ಅಂದ್ರ ನಾಕು ಮಂದಿ ಏನಂದಾರು?”

ಮಗ ಸಲಿಕೆ ತಂದ, ಅವನ ಹಿಂದೆ ಇನ್ನಷ್ಟು ಜನ ತಂದರು. ಗಾಲಿಯ ಸುತ್ತ ಅಗೆಯುತ್ತ ಹೋದ ಹಾಗೆ ತಿಪ್ಪೆ ಅರ್ಧ ಬಿಚ್ಚಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಬಸ್ ಹೊರಗೆ ಬಂತು. ಮುದುಕಿ ಬಿಚ್ಚಿದ ಗೊಬ್ಬರವನ್ನು ಕೈಯಲ್ಲಿ ಹಿಡಿದು, ಹಿಸುಕಿ, ಮೂಸಿ ನೋಡಿದಳು.

“ಬಿಚ್ಚಿದ ಗೊಬ್ರ ಮತ್ತ ಒಟ್ಟಾಕ ಬರಂಗಿಲ್ಲ, ಒಣಗಿ ಹಾಳಾಕ್ಕತಿ. ಆಗಿದ್ದು ಆತು. ಇವತ್ತ ಹೊಲಕ್ಕ ಹೊಡೀರಿ. ಟ್ರ್ಯಾಕ್ಟರ್ ಇದ್ದವ್ರು ನಿಮ್ಮವೂ ತರ್ರಿ, ನನ್ನೊಂದ ತಗದು ಸುಮ್ನ ಕುಂದರಬ್ಯಾಡ್ರಿ.”

ಆಕೆ ತೆಗೆದರೆ ನಾವೂ ತೆಗೆಯುತ್ತೇವೆ ಎಂದು ಕಟ್ಟೆಯ ಮೇಲೆ ಅಂದವರು ಈಗ ಹಿಂದೆ ಸರಿಯುವಂತಿರಲಿಲ್ಲ. ಎರಡು ಮೂರು ದಿನ ಊರ ಮುಂದೆ ಬಂಡಿ, ಟ್ರ್ಯಾಕ್ಟರುಗಳು ಓಡಾಡಿದವು. ಊರವರೇ ಕೂತು ಮಾತಾಡಿ ಹಳ್ಳದ ಕಡೆ ಹೊಸ ತಿಪ್ಪೆಗೆ ಜಾಗ ಗುರುತು ಮಾಡಿಕೊಂಡರು. ಹನುಮವ್ವ ಅಲ್ಲೂ ಮೂಲೆಯನ್ನೇ ಹಿಡಿದಳು. ಸಂಕ್ರಾಂತಿಗೆ ಮೊದಲೇ ಮಹಬೂಬರ ಕೈಯಲ್ಲೇ ಬೆಳಗಿನ ಬಸ್ ಶುರುವಾಯಿತು, ಸಂಜೆ ಅದೇ ಬಸ್ ಹುಡುಗಿಯರನ್ನು ಊರೊಳಗೆ ತಂದು ಇಳಿಸುತ್ತಿತ್ತು. ಭರವಸೆ ಈಡೇರಿದೆ ಎಂದು ನಾವು ಕಳಿಸಿದ ವರದಿಗೆ ಸಾಹೇಬರು ಒಂದು ಅಕ್ಷರವನ್ನೂ ತಿದ್ದದೆ ಸಹಿ ಹಾಕಿದರು. ಹಾಕಿ, ಬೆನ್ನು ಈಗ ಹಗುರಾಗಿದೆ ಎಂದರು.

ಹೊಸದಾಗಿ ಸೇರಿದವರಿಗೆ ನಾನು ಹೇಳಬೇಕಾಗಿದ್ದು ಇಷ್ಟೇ. ಸದನದ ಪ್ರಶ್ನೆಗೆ ಹೆದರಬೇಡಿ. ಊರಿಗೆ ಹೋಗಿ ನೋಡಿರಿ, ನೋಡಿದ್ದನ್ನು ಬರೆಯಿರಿ. ಅಲ್ಲಿ ನೂರಾರು ಜನ ಕಾಗದ ತಿರುವುತ್ತ ಕೂತಿರುತ್ತಾರೆ ನಿಜ. ಆದರೆ ಒಂದು ಸಾದಾ ದಿನ, ಯಾರೂ ಎಣಿಸದಿದ್ದಾಗ, ಒಂದು ಸಣ್ಣ ಊರಿನ ಮಾತು ಮೇಲಕ್ಕೆ ಬಂದುಬಿಡುತ್ತದೆ. ಆಗ ಅವರ ಕೈಗೆ ಕೊಡಲು ನಿಮ್ಮ ಹತ್ತಿರ ನಿಜ ಇರಬೇಕು.

ಅದೇ ಬೇಸಿಗೆಯ ಮೊದಲಲ್ಲಿ, ನಾನು ನಿವೃತ್ತನಾಗಲು ಕೆಲವೇ ದಿನಗಳಿದ್ದಾಗ ಕಚೇರಿಗೆ ಒಂದು ಫೋನ್ ಬಂತು.

“ಸರ್, ನಾನು ಹಳೇದಿನ್ನಿ ಶಿವಲೀಲಾರಿ. ಐದು ಮಂದಿದೂ ಹಾಲ್ ಟಿಕೆಟ್ ಬಂದಾವ್ರಿ.”

ಧನ್ಯವಾದ ಹೇಳುತ್ತಾಳೆ, ಏನು ಉತ್ತರ ಕೊಡಲಿ ಎಂದು ಯೋಚಿಸುತ್ತಿದ್ದೆ.

“ಸೋಮವಾರದಿಂದ ಪರೀಕ್ಷಾ ಅವ್ರಿ. ಬಸ್ಸು ಈಗ ಬರೋ ಹೊತ್ತಿಗೆ ಬಂದ್ರ ನಡ್ಯಂಗಿಲ್ರಿ. ಅರ್ಧ ತಾಸು ಮೊದ್ಲ ಬಿಡ್ರಿ. ಇಡ್ಲೇನ್ರಿ?”

ಇಟ್ಟೇಬಿಟ್ಟಳು. ನಾನು ಸಮಯ ಬದಲಿಸುವ ಆದೇಶ ಟೈಪು ಮಾಡಿಸಿ, ಸಹಿ ಮಾಡಿಸಿಕೊಂಡು, ಮಹಬೂಬರಿಗೆ ನಾನೇ ತಿಳಿಸಬೇಕೆಂದು ಫೋನ್ ಮಾಡಿದೆ.

“ಅದಾ ಸಾಹೇಬ್ರ?” ಎಂದರು ಮಹಬೂಬ್. “ಆ ಹುಡುಗಿ ನನಗ ನಿನ್ನೇನ ಹೇಳಿ ಮುಗಿಸ್ಯಾಳ. ನಿಮ್ಮ ಕಿವಿಗೂ ಇರ್ಲಿ ಅಂತ ಹಾಕ್ಯಾಳ, ಅಷ್ಟ.”